ಉಚಲ ಮತ್ತು ದತ್ತಿ



ದತ್ತಿ ಉಪನ್ಯಾಸಕ್ಕೆ ಕರೆಯಲು ಬಂದಾಗ ನಾನು ವಿಷಯ ಕೇಳುವ ಮೊದಲು ದತ್ತಿಯ ಬಗ್ಗೆ ಕೇಳಿದೆ. ಇಟ್ಟವರು ಯಾರು, ಅಸಲು ಎಷ್ಟು, ವರ್ಷಕ್ಕೆ ಬಡ್ಡಿ ಎಷ್ಟು ಬರುತ್ತದೆ? ಬಂದವರು ನಕ್ಕರು. “ಅಕ್ಕಾರ, ಬಡ್ಡಿ ಏನ್ ಕೇಳ್ತೀರಿ? ನಿಮಗೊಂದು ಶಾಲು, ಮಂದಿಗೊಂದು ಕಪ್ ಚಾ. ಅಲ್ಲಿಗೆ ಮುಗೀತು.” ಇಟ್ಟವರ ಹೆಸರನ್ನು ವೇದಿಕೆಯ ಮೇಲೆ ಹೇಳಬೇಡಿ ಎಂದು ಆ ಮನೆಯವರೇ ಕೇಳಿಕೊಂಡಿದ್ದಾರೆ. ಅದಕ್ಕೆ ಹೇಳುವುದಿಲ್ಲ.

ಹೊರದೇಶಕ್ಕೆ ಹೋಗಿ ಓದುವ, ಓದುತ್ತಲೇ ದುಡಿಯುವ ಮಕ್ಕಳ ಬಗ್ಗೆ ಮಾತಾಡಿ ಎಂದಿದ್ದೀರಿ. ಆ ವಿಷಯದೊಳಗೆ ಹೋಗಲು ನನಗೆ ಗೊತ್ತಿರುವ ಬಾಗಿಲು ಒಂದೇ. ಯಾರ ದುಡ್ಡಿನ ಮೇಲೆ ಹೋದೆ? ಅಲ್ಲಿ ಏನು ಓದುತ್ತೀ, ಎಷ್ಟು ತಾಸು ಪಾತ್ರೆ ತೊಳೆಯುತ್ತೀ, ತಿರುಗಿ ಬರುತ್ತೀಯೋ ಇಲ್ಲವೋ, ಬಂದರೆ ಏನು ತರುತ್ತೀ ಎಂಬುದೆಲ್ಲ ವಿಮಾನ ಹತ್ತುವ ಮೊದಲೇ, ದುಡ್ಡು ಯಾರದು ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಗಾಜಿನ ಚೂರು

ನಮ್ಮ ಊರು ಉಗಾರ ಖುರ್ದ. ಖುರ್ದ ಅಂದರೆ ಚಿಕ್ಕದು, ಬುದ್ರುಕ ಅಂದರೆ ದೊಡ್ಡದು. 1939ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಈ ಚಿಕ್ಕ ಉಗಾರವೇ ದೊಡ್ಡ ಉಗಾರಕ್ಕಿಂತ ಹೆಸರು ಮಾಡಿತು. ಕೃಷ್ಣೆ ಇತ್ತು, ಕರಿ ಮಣ್ಣಿತ್ತು, ಮಿರಜ-ಬೆಳಗಾವಿ ರೈಲು ದಾರಿ ಇತ್ತು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಕಾರ್ಖಾನೆಯ ಭೋಂಗಾ ಮಾತ್ರ ಎರಡೂ ಭಾಷೆಯವರಿಗೆ ಒಂದೇ.

ನನ್ನ ಅಪ್ಪ ಪ್ಯಾನ್‌ಮನ್ ಆಗಿದ್ದರು. ಕಬ್ಬಿನ ರಸವನ್ನು ಸೋಸಿ, ಕಾಯಿಸಿ, ದಪ್ಪ ಪಾಕ ಮಾಡಿದ ಮೇಲೆ ಅದು ಪ್ಯಾನ್ ಎಂಬ ಭಾರಿ ಹಂಡೆಗೆ ಬರುತ್ತದೆ. ಒಳಗಿನ ಗಾಳಿ ಎಳೆದುಬಿಟ್ಟಿರುವುದರಿಂದ ಅಲ್ಲಿ ಪಾಕ ಕಡಿಮೆ ಕಾವಿನಲ್ಲೇ ಕುದಿಯುತ್ತದೆ. ಅಪ್ಪ ಸಲಾಕೆಯಿಂದ ಒಂದಿಷ್ಟು ಪಾಕ ಹೊರಗೆಳೆದು, ಗಾಜಿನ ಚೂರಿನ ಮೇಲೆ ಬೆರಳಲ್ಲಿ ಸವರಿ, ಬಲ್ಬಿಗೆ ಹಿಡಿದು ನೋಡುತ್ತಿದ್ದರು. ಕಾಳು ಕಟ್ಟಿದೆಯೋ ಇಲ್ಲವೋ, ಕಟ್ಟಿದ್ದರೆ ಎಲ್ಲ ಒಂದೇ ಅಳತೆಯದೋ ಹೆಚ್ಚುಕಡಿಮೆಯೋ. ಪಾಕ ಎಷ್ಟೇ ದಪ್ಪ ಇರಲಿ, ತನ್ನಷ್ಟಕ್ಕೆ ಬಿಟ್ಟರೆ ಸಮನಾದ ಕಾಳು ಕಟ್ಟುವುದಿಲ್ಲ. ನುಣ್ಣಗೆ ಅರೆದ ಸಕ್ಕರೆಯ ಬೀಜ ಹಾಕಬೇಕು. ಹಂಡೆ ತುಂಬ ಪಾಕಕ್ಕೆ ಬೇಕಾಗುವುದು ಒಂದು ಚರಿಗೆ ಬೀಜ. “ಬೀಜ ಸಣ್ಣದಿದ್ರೂ ನಡೀತೈತಿ, ಹೊತ್ತಿಗೆ ಸರಿಯಾಗಿ ಬೀಳಬೇಕ” ಎನ್ನುತ್ತಿದ್ದರು. ಹೊತ್ತು ತಪ್ಪಿದರೆ ಹಿಟ್ಟಿನಂಥ ಸುಳ್ಳು ಕಾಳು ಹುಟ್ಟುತ್ತದೆ. ಜಾಲರಿಯಲ್ಲಿ ನಿಲ್ಲದೆ ಕಾಕಂಬಿಯ ಜೊತೆ ಹರಿದುಹೋಗುತ್ತದೆ.

ಆ ಗಾಜಿನ ಚೂರು ನೋಡುತ್ತ ಬೆಳೆದ ನನಗೆ ಆಹಾರ ತಂತ್ರಜ್ಞಾನ ಓದುವ ಹಂಬಲ ಬಂತು. ಇಲ್ಲಿ ಪದವಿ ಮುಗಿಸಿ, 2010ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್ ಶಹರಕ್ಕೆ ಒಂದು ವರ್ಷದ ಎಂ.ಎಸ್ಸಿ.ಗೆ ಹೋದೆ. ಅಷ್ಟು ಹೇಳಿದರೆ ಸರಳವಾಗಿ ಕೇಳಿಸುತ್ತದೆ. ನಡುವೆ ಬ್ಯಾಂಕು ಇತ್ತು.

ಉತಾರ

ಅಪ್ಪ ಹೊಳೆಸಾಲಿನ ಮೂರು ಎಕರೆಯ ಪಹಣಿ ಉತಾರ ಹಿಡಿದು ಬ್ಯಾಂಕಿಗೆ ಹೋದರು, ಹಿಂದೆ ನಾನು. ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲು ತಪ್ಪದೆ ಕೊಡುವ ಹೊಲ. ಮ್ಯಾನೇಜರರು ಒಳ್ಳೆಯ ಮನುಷ್ಯರು, ಉತಾರವನ್ನು ಎರಡು ಸಲ ಓದಿದರು. “ಹೊಲ ಚಲೋ ಐತ್ರಿ, ನಮಗ ಮಾತ್ರ ಬರಂಗಿಲ್ಲ. ಎನ್.ಎ. ಆದ ಪ್ಲಾಟ್ ತರ್ರಿ, ಇಲ್ಲಾ ಪಕ್ಕಾ ಮನಿ ತೋರಸ್ರಿ.”

ಶಿಕ್ಷಣ ಸಾಲದ ಮಾದರಿ ನಿಯಮ ಹೀಗಿತ್ತು: 4 ಲಕ್ಷದವರೆಗೆ ಆಧಾರ ಬೇಡ, ಅಲ್ಲಿಂದ ಏಳೂವರೆ ಲಕ್ಷದವರೆಗೆ ಬೇರೆಯವರ ಜಾಮೀನು, ಅದರ ಮೇಲೆ ಆಸ್ತಿ ಅಡವು. ಹೊರದೇಶದ ಓದಾದರೆ ನೂರಕ್ಕೆ ಹದಿನೈದು ಪಾಲು ನಾವೇ ಹಾಕಬೇಕು. ನನಗೆ ಬೇಕಾದದ್ದು ಹನ್ನೊಂದು ಲಕ್ಷ. ಹಾಗಾದರೆ ಹೊಲ ಯಾಕೆ ಆಸ್ತಿಯಲ್ಲ? ಸಾಲ ಮುಳುಗಿದರೆ ಕೋರ್ಟಿನ ಮೆಟ್ಟಿಲು ಹತ್ತದೆ ಅಡವಿನ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ 2002ರ ಸರ್ಫೇಸಿ ಕಾಯ್ದೆ ಕೊಟ್ಟಿದೆ. ಆ ಕಾಯ್ದೆಯ 31ನೆಯ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ಹೊಲ ಕಾಯಲೆಂದು ಹಾಕಿದ ಬೇಲಿ ಅದು. ರೈತನ ಮಗಳು ಓದಲು ಹೊರಟಾಗ ಅದೇ ಬೇಲಿ ಅಡ್ಡ ಬರುತ್ತದೆ. ಊರಲ್ಲಿ ಭೂಮಿಯಿದ್ದವನು ಸಾವುಕಾರ, ಬ್ಯಾಂಕಿನ ಮೇಜಿನ ಮುಂದೆ ಬರಿಗೈ.

ಕಡೆಗೆ ಅಥಣಿಯ ನನ್ನ ಸೋದರಮಾವ ತನ್ನ ಮನೆಯ ಕಾಗದ ತಂದು ಇಟ್ಟರು. ಅವ್ವನ ಪಾಟಲಿ, ಬಿಲವಾರ ನಮ್ಮ ಪಾಲಿನ ಹದಿನೈದಕ್ಕೆ ಹೋದವು. ನನ್ನ ಮದುವೆಗೆಂದು ಎತ್ತಿಟ್ಟಿದ್ದ ಬಂಗಾರ. ಮಾಮಾ ಒಂದು ಮಾತೂ ಆಡಲಿಲ್ಲ. ಮಾಮಿ ಮಾತ್ರ ಮುಂದಿನ ಐದು ವರ್ಷ, ಪ್ರತಿ ಹಬ್ಬಕ್ಕೆ ಫೋನ್ ಮಾಡಿದಾಗಲೂ, ಊಟ ಆತೇನು ಎಂದು ಕೇಳಿದ ಮೇಲೆ ತಪ್ಪದೆ ಕೇಳುತ್ತಿದ್ದರು: “ನಮ್ಮ ಕಾಗದ ಯಾವಾಗ ಬರ್ತಾವ, ತಂಗಿ?”

ನಾನು ಹೋದದ್ದು ಆ ಕಾಗದದ ಮೇಲೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಇಪ್ಪತ್ತು ತಾಸು

ಲೀಡ್ಸಿನಲ್ಲಿ ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಕೆಂಪು ಇಟ್ಟಂಗಿಯ ಮನೆಗಳ ಸಾಲಿನಲ್ಲಿ ಐದು ಮಂದಿ ಹುಡುಗಿಯರು ಇದ್ದೆವು. ಕರೆಂಟಿಗೆ ಒಂದು ಪ್ಲಾಸ್ಟಿಕ್ ಕೀಲಿ. ಅದನ್ನು ಮೂಲೆಯಂಗಡಿಗೆ ಒಯ್ದು ದುಡ್ಡು ತುಂಬಿಸಿ ತಂದು ಮೀಟರಿಗೆ ಚುಚ್ಚಿದರೆ ದೀಪ, ಇಲ್ಲದಿದ್ದರೆ ಕತ್ತಲೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆಯಾಗುವ ಊರು. ಹೀಟರ್ ಹಾಕಿದಾಗ ಮೀಟರಿನ ಅಂಕಿ ಇಳಿಯುವುದನ್ನೇ ನೋಡುತ್ತ ಕೂರುತ್ತಿದ್ದೆವು.

ಎಲ್ಲರಿಗೂ ಒಂದು ಜಡ್ಡು ಹತ್ತಿತ್ತು. ಗುಣಾಕಾರದ ಜಡ್ಡು. ಒಂದು ಪೌಂಡಿಗೆ ಆಗ ಎಪ್ಪತ್ತು ರೂಪಾಯಿಯ ಆಜುಬಾಜು. ಬಾಳೆಹಣ್ಣಿಗೆ ಎಪ್ಪತ್ತರಿಂದ ಗುಣಿಸು, ಬಸ್ಸಿಗೆ ಗುಣಿಸು, ಕೀಲಿಗೆ ಗುಣಿಸು. ಖರ್ಚು ಗುಣಿಸಿದಾಗ ಎದೆ ಹೊಡೆದುಕೊಳ್ಳುತ್ತದೆ, ಪಗಾರ ಗುಣಿಸಿದಾಗ ಎದೆ ಉಬ್ಬುತ್ತದೆ. ಎರಡೂ ಸುಳ್ಳೇ, ಏಕೆಂದರೆ ಪೌಂಡಿನಲ್ಲಿ ಗಳಿಸಿದ್ದು ಪೌಂಡಿನಲ್ಲೇ ಕರಗುತ್ತದೆ. 2010ರ ಅಕ್ಟೋಬರಿನಿಂದ ಅಲ್ಲಿಯ ಕನಿಷ್ಠ ಕೂಲಿ ತಾಸಿಗೆ 5 ಪೌಂಡ್ 93 ಪೆನ್ಸ್. ಪಾಠ ನಡೆಯುವ ದಿನಗಳಲ್ಲಿ ವಿದ್ಯಾರ್ಥಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಒಟ್ಟು ವಾರಕ್ಕೆ 118 ಪೌಂಡ್ 60 ಪೆನ್ಸ್. ಬಾಡಿಗೆ, ರೇಶನ್ನು, ಬಸ್ಸು ಕಳೆದರೆ ಉಳಿಯುವುದು ಕೀಲಿ ತುಂಬಿಸುವಷ್ಟು.

ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದೆ. ತಂದೂರಿ ಮಸಾಲೆ ಹತ್ತಿಕೊಂಡ ಕಬ್ಬಿಣದ ತಟ್ಟೆಗಳು. ಬಿಸಿನೀರಿನಲ್ಲಿ ಕೈ ಬಿಳಚಿಕೊಂಡು ಬೆರಳ ತುದಿ ನೆನೆದ ಕಡಲೆಯ ಹಾಗಾಗುತ್ತಿತ್ತು. ಮಾಲೀಕ ನಮ್ಮ ದೇಶದವನೇ. “ನೀನು ನಮ್ಮವಳು” ಎನ್ನುತ್ತ ಕೊನೆಯ ವಾರದ ಹದಿನಾಲ್ಕು ತಾಸಿನ ಪಗಾರ ಮುಳುಗಿಸಿದ. ದೂರು ಕೊಡಲು ನನಗೆ ಹಕ್ಕಿತ್ತು. ವೀಸಾಕ್ಕೆ ಏನಾದರೂ ಆದೀತೆಂಬ ಸುಳ್ಳು ಹೆದರಿಕೆಯಲ್ಲಿ ಕೊಡಲಿಲ್ಲ. ಮಕ್ಕಳೆ, ನೀವು ಹೋದರೆ ಕೊಡಿ. ನಿಯಮದೊಳಗೆ ದುಡಿದ ಪಗಾರ ಕೇಳಿದ್ದಕ್ಕೆ ಯಾರ ವೀಸಾವೂ ಹೋಗುವುದಿಲ್ಲ. ನಿಯಮ ಮೀರಿ ಕೈಯಿಂದ ಕೈಗೆ ರೊಕ್ಕ ತೆಗೆದುಕೊಂಡು ದುಡಿದರೆ ಮಾತ್ರ ಬಾಯಿ ಕಟ್ಟುತ್ತದೆ. ಮುಳುಗಿಸುವವನು ಹುಡುಕುವುದು ಅಂಥವರನ್ನೇ.

ಈ ತಾಸುಗಳ ಲೆಕ್ಕ ದೇಶ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಈಗಲೂ ವಾರಕ್ಕೆ 20. ಕೆನಡಾದಲ್ಲಿ 2024ರ ನವೆಂಬರಿನಿಂದ 24. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಎರಡು ವಾರಕ್ಕೆ 48. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ. ಅಮೆರಿಕದಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20. ಅಂಕಿ ಬೇರೆಯಾದರೂ ಮಾತು ಒಂದೇ: ನೀನು ಬಂದದ್ದು ಓದಲು, ಈ ದುಡಿಮೆಯಿಂದ ಫೀ ತುಂಬುತ್ತೇನೆಂದು ಲೆಕ್ಕ ಹಾಕಬೇಡ. ಜರ್ಮನಿಯಂತೂ ಮೊದಲೇ ವರ್ಷದ ಖರ್ಚು 11,904 ಯೂರೋ ಖಾತೆಯಲ್ಲಿ ಇಡಿಸಿಕೊಂಡು, ತಿಂಗಳಿಗೆ 992ರಂತೆ ನಿಮ್ಮ ದುಡ್ಡನ್ನೇ ನಿಮಗೆ ಬಿಡುತ್ತದೆ. “ಪಾರ್ಟ್ ಟೈಮ್ ಮಾಡಿ ಫೀ ತುಂಬಬಹುದು” ಎಂದು ಯಾರಾದರೂ ಹೇಳಿದರೆ ಅವರೆದುರಿಗೇ ಈ ಗುಣಾಕಾರ ಮಾಡಿ ತೋರಿಸಿ.

ನನ್ನ ಓದಿನ ಕಥೆಗೆ ಬರುತ್ತೇನೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಸಕ್ಕರೆಯ ಕಾಳು ಕಂಡಾಗ ಅಪ್ಪನ ಗಾಜಿನ ಚೂರು ನೆನಪಾಗಿ ನಕ್ಕುಬಿಟ್ಟೆ. ಯಾಕೆ ನಕ್ಕೆ ಎಂದು ಪ್ರಾಧ್ಯಾಪಕರು ಕೇಳಿದರು, ಹೇಳಿದೆ. ಪದವಿ ಮುಗಿಯುವ ಹೊತ್ತಿಗೆ ಅವರು, “ಇಲ್ಲೇ ಉಳಿ. ಕಾಳು ಕಟ್ಟುವುದರ ಮೇಲೇ ಸಂಶೋಧನೆ ಮಾಡು. ಮೊದಲ ವರ್ಷ ಅರ್ಧ ಸಂಬಳ ಕೊಡಿಸಬಲ್ಲೆ” ಎಂದರು. ಜೀವನದಲ್ಲಿ ಯಾರೂ ನನಗೆ ಅಷ್ಟು ದೊಡ್ಡದನ್ನು ಕೊಡಲು ಬಂದಿರಲಿಲ್ಲ. ಆಗಿನ ಕರಾರಿನಂತೆ ಓದು ಮುಗಿದ ಒಂದು ವರ್ಷಕ್ಕೆ, ಇಲ್ಲವೇ ಕೆಲಸ ಸಿಕ್ಕ ಆರು ತಿಂಗಳಿಗೆ, ಕಂತು ಶುರು. ಅರ್ಧ ಸಂಬಳದಲ್ಲಿ ಕಂತು ಏಳುತ್ತಿರಲಿಲ್ಲ. ಮಾಮಿಯ ಪ್ರಶ್ನೆ ಕಿವಿಯಲ್ಲಿತ್ತು. ಆಗುವುದಿಲ್ಲ ಎಂದೆ. ಆಹಾರ ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಗೆ ಸೇರಿ, ಚೀಲದ ಮೇಲಿನ ತಾರೀಖು ಸರಿಯಿದೆಯೋ ಇಲ್ಲವೋ ಎಂದು ಎರಡು ವರ್ಷ ನೋಡಿದೆ.

ಆ ಎರಡು ವರ್ಷ ಸಿಕ್ಕಿದ್ದೂ ದೈವ. ಓದು ಮುಗಿದವರು ಎರಡು ವರ್ಷ ಅಲ್ಲೇ ಉಳಿದು ದುಡಿಯುವ ಅವಕಾಶವನ್ನು ಬ್ರಿಟನ್ 2012ರ ಏಪ್ರಿಲಿನಲ್ಲಿ ಮುಚ್ಚಿತು. ನಾನು ಅದಕ್ಕೆ ಸ್ವಲ್ಪ ಮೊದಲು ಅರ್ಜಿ ಹಾಕಿದ್ದೆ. 2021ರಲ್ಲಿ ಅದೇ ಬಾಗಿಲನ್ನು ಬೇರೆ ಹೆಸರಿನಲ್ಲಿ ತೆರೆಯಿತು. 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಅದು ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಕಬ್ಬು ನಾಟಿ ಮಾಡುವಾಗ ಒಂದು ದರ, ಕಡಿಯುವಾಗ ಇನ್ನೊಂದು ದರ. ನಮಗೆ ಇದು ಹೊಸದಲ್ಲ.

ಮುಂಚೆ ಹೋದವರು

ನಮಗಿಂತ ಮುಂಚೆ ಈ ಭಾಗದ ಹಾದಿಯಲ್ಲಿ ಓಡಾಡಿದವರು ಯಾರ ದುಡ್ಡಿನ ಮೇಲೆ ಹೋಗಿದ್ದರು?

1913ರಲ್ಲಿ, 22ರ ವಯಸ್ಸಿನಲ್ಲಿ, ಭೀಮರಾವ್ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ತಿರುಗಿ ಬಂದು 10 ವರ್ಷ ಬರೋಡಾ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು. 1915ರಲ್ಲಿ ಎಂ.ಎ. ಆಯಿತು, 1916ರಲ್ಲಿ ಲಂಡನ್ನಿಗೆ ಹೋದರು, ವೇತನದ ಅವಧಿ ತೀರಿ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಕರಾರಿನಂತೆ ಬರೋಡಾಕ್ಕೆ ಹೋದರೆ ಆ ಊರಲ್ಲಿ ತಲೆಯ ಮೇಲೊಂದು ಸೂರು ಸಿಗಲಿಲ್ಲ. ಸಿಕ್ಕ ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿದರು. ಅರಸ ದುಡ್ಡು ಕೊಟ್ಟ, ಊರು ಜಾಗ ಕೊಡಲಿಲ್ಲ. ಹೊರದೇಶಕ್ಕೆ ಹೋದವರು ಯಾಕೆ ತಿರುಗಿ ಬರುವುದಿಲ್ಲ ಎಂದು ಕೇಳುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಅರ್ಧಕ್ಕೆ ನಿಂತ ಓದನ್ನು ಅವರು ಬಿಡಲಿಲ್ಲ. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಗೆಳೆಯ ನವಲ್ ಭಾತೇನಾ ಅವರ ಕೈಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವುಗಳನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಅದೇ ವರ್ಷದ ಮಾರ್ಚಿನಲ್ಲಿ, ಇಲ್ಲೇ ನಮ್ಮ ಮಗ್ಗುಲಿನ ಮಾಣಗಾವಿಯ ಪರಿಷತ್ತಿನಲ್ಲಿ ಶಾಹು ಮಹಾರಾಜರು ಅವರನ್ನು ಜನರ ಮುಂದೆ ನಿಲ್ಲಿಸಿದ್ದರು. 1923ರಲ್ಲಿ ಡಿ.ಎಸ್ಸಿ. ಆಯಿತು, ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. 1925ರಲ್ಲಿ ನಿಪ್ಪಾಣಿಯ ಪರಿಷತ್ತಿನಲ್ಲಿ ಅದೇ ಮನುಷ್ಯ ಅಧ್ಯಕ್ಷರ ಕುರ್ಚಿಯ ಮೇಲೆ ಕೂತಿದ್ದರು. ಅವರ ಹಿಂದೆ ಯಾರ ಅಡವಿನ ಕಾಗದವೂ ಇರಲಿಲ್ಲ. ಇದ್ದಿದ್ದರೆ ರೂಪಾಯಿಯ ಸಮಸ್ಯೆ ಬರೆಯುವ ಬದಲು ತಮ್ಮ ರೂಪಾಯಿಯ ಸಮಸ್ಯೆ ಬಗೆಹರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು.

ಇನ್ನೊಂದು ದುಡ್ಡು ಮನೆಯದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕುಂಡಲದ ಮಾಳಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾಯರು ನಮ್ಮ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಮಗ ಶಂತನುರಾಯರು 1922ರಲ್ಲಿ ಸೋದರಸಂಬಂಧಿ ಮಾಧವನ ಜೊತೆ ಅಮೆರಿಕದ ಎಂ.ಐ.ಟಿ.ಗೆ ಹೋದರು. ಮಾಧವನಿಗೆ ಕ್ಷಯ ತಗುಲಿತು. ಆ ಜಡ್ಡಿನಲ್ಲೇ ತೀರಿಹೋದ. ಶಂತನುರಾಯರು 1926ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಾಗಿ ಬಂದರು. 1941ರಲ್ಲಿ ಹರಿಹರದಲ್ಲಿ ಯಂತ್ರಗಳ ಕಾರ್ಖಾನೆ, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್. ಈ ಸಭೆಯ ಹಿರಿಯರಿಗೆ ಹೊಳೆಯ ದಂಡೆಯ ಮೇಲೆ ಹಗಲು-ರಾತ್ರಿ ಡುಗುಡುಗು ಎನ್ನುತ್ತಿದ್ದ ಆ ಇಂಜಿನ್ನಿನ ಸಪ್ಪಳ ನೆನಪಿರಬೇಕು. ಅವರಿಗೆ ಅಲ್ಲಿ ಏನು ಕಲಿಯಬೇಕೆಂದು ಹೋಗುವಾಗಲೇ ಗೊತ್ತಿತ್ತು, ಬಂದು ಎಲ್ಲಿ ನಿಲ್ಲಬೇಕೆಂದೂ ಗೊತ್ತಿತ್ತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೂ ಗೊತ್ತಿರುವುದಿಲ್ಲ. ತಪ್ಪು ಅವರದಲ್ಲ, ಅವರಿಗಾಗಿ ಕಾದಿರುವ ಕಾರ್ಖಾನೆ ಇಲ್ಲ.

ತಿರುಗಿ ಬಾರದವರ ಮಾತನ್ನೂ ಆಡೋಣ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಈ ಸೀಮೆಯ ಮುದುಕಿಯರ ಬಾಯಿಂದ ಕಥೆ ಕೇಳಿ ಬರೆದುಕೊಂಡರು. 1959ರಲ್ಲಿ ಫುಲ್‌ಬ್ರೈಟ್ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಪಿಎಚ್.ಡಿ. ಪಡೆದರು. ಆಮೇಲೆ ಶಿಕಾಗೋದಲ್ಲಿ ನಿಂತರು, ಅಲ್ಲೇ ತೀರಿಕೊಂಡರು. ಆದರೆ 1973ರಲ್ಲಿ ಅವರ ಇಂಗ್ಲಿಷಿನಲ್ಲಿ ವಚನಗಳು ಲೋಕಕ್ಕೆ ಹೋದವು, ಮುಂದೆ ನಮ್ಮ ಕಥೆಗಳೂ ಹೋದವು. ಮನುಷ್ಯ ಬರಲಿಲ್ಲ, ಅವರಿಂದ ಬರಬೇಕಾದದ್ದು ಬಂತು. ಹೊರದೇಶಕ್ಕೆ ಹೋದವನು ಅಲ್ಲಿಯದನ್ನು ಕಲಿಯುವುದು ಸಹಜ. ಇವರು ಬೆಳಗಾವಿಯಲ್ಲಿ ಕೇಳಿದ್ದನ್ನೇ ಅಲ್ಲಿ ಕೂತು ಕಲಿತರು. ಅದಕ್ಕೆ ಬಿಡುವು ಬೇಕು. ಆ ಬಿಡುವನ್ನು ಕೊಟ್ಟದ್ದು ಕಂತು ಕೇಳದ ದುಡ್ಡು.

ಉಚಲ

ಈಗ ನಮ್ಮ ಕಾಲದ ದುಡ್ಡಿಗೆ ಬರೋಣ. ಅದಕ್ಕೆ ಸರಿಯಾದ ಹೆಸರು ನಮ್ಮ ಊರಲ್ಲೇ ಇದೆ.

ಹಂಗಾಮು ಶುರುವಾದರೆ ಕಬ್ಬು ಕಡಿಯುವವರ ಟೋಳಿಗಳು ಬರುತ್ತವೆ. ಬೀಡ ಕಡೆಯವರು, ವಿಜಯಪುರ ಕಡೆಯವರು. ಗಂಡ-ಹೆಂಡತಿ ಸೇರಿದರೆ ಒಂದು ಕೋಯ್ತಾ. ಮಳೆಗಾಲದಲ್ಲೇ, ಟೋಳಿಯನ್ನು ಕರೆತರುವ ಮುಕಾದಮ ಅವರ ಊರಿಗೆ ಹೋಗಿ ಉಚಲ ಕೊಟ್ಟಿರುತ್ತಾನೆ, ಅಂದರೆ ಮುಂಗಡ. ಆ ದುಡ್ಡು ಮಗಳ ಮದುವೆಗೋ ದವಾಖಾನೆಗೋ ಆಗಲೇ ಖರ್ಚಾಗಿರುತ್ತದೆ. ಇಲ್ಲಿ ಬಂದು ಪಾಲಿನ ಗುಡಿಸಲು ಹಾಕಿಕೊಂಡು, ನಸುಕಿನ ಮಂಜಿನಲ್ಲಿ ಗದ್ದೆಗಿಳಿದು, ಟನ್ ಲೆಕ್ಕದಲ್ಲಿ ಕಬ್ಬು ಕಡಿದು ಆ ಉಚಲ ತೀರಿಸುತ್ತಾರೆ. ತೀರದೆ ಉಳಿದರೆ ಮುಂದಿನ ಹಂಗಾಮಿಗೆ ಅದೇ ಬಾಕಿ. ಅವರಿಗೆ ಊರು ಆರಿಸುವ ಹಕ್ಕಿಲ್ಲ, ಉಚಲ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ.

ಒಂದು ಜನವರಿಯ ರಾತ್ರಿ, ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಆ ಪಾಲಿನ ಗುಡಿಸಲುಗಳು ನೆನಪಾದವು. ಸಣ್ಣವಳಿದ್ದಾಗ ಅವನ್ನು ದಾಟಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ನಮ್ಮ ಉಗಾರವೇ ಅವರ ಪರದೇಶ ಎಂದು ಆಗ ಹೊಳೆದಿರಲಿಲ್ಲ. ನಾನು ತೆಗೆದುಕೊಂಡದ್ದೂ ಉಚಲವೇ, ಬ್ಯಾಂಕಿನ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರು ಅಷ್ಟೆ. ಹೋಲಿಕೆಯನ್ನು ಜಗ್ಗುವುದಿಲ್ಲ. ನನ್ನ ಕೈಯಲ್ಲಿ ಪದವಿ ಇತ್ತು, ಬೆನ್ನ ಹಿಂದೆ ಮಾಮಾ ಇದ್ದರು, ಆ ಕೋಯ್ತಾದ ಹೆಣ್ಣುಮಗಳಿಗೆ ಎರಡೂ ಇಲ್ಲ. ಆದರೆ ದುಡಿಮೆಯನ್ನು ಸಾಲ ಆರಿಸುತ್ತದೆ, ಮನುಷ್ಯ ಆರಿಸುವುದಿಲ್ಲ ಎಂಬ ಮಾತು ಇಬ್ಬರಿಗೂ ಒಂದೇ.

ಹೊರದೇಶದ ಓದಿಗೂ ಮುಕಾದಮರು ಇದ್ದಾರೆ. ಸೀಟು ಕೊಡಿಸುವ ಏಜೆಂಟರಿಗೆ ಬಹಳ ಕಡೆ ಕಮಿಷನ್ ಬರುವುದು ವಿಶ್ವವಿದ್ಯಾಲಯದಿಂದ. “ನಿಮಗೆ ಫ್ರೀ” ಎನ್ನುವ ಸಲಹೆಗೆ ಯಾರು ಬೆಲೆ ಕೊಡುತ್ತಿದ್ದಾರೆ ಎಂದು ಕೇಳಿ. ಕಮಿಷನ್ ಕೊಡದ ವಿಶ್ವವಿದ್ಯಾಲಯದ ಹೆಸರು ಅವರ ಪಟ್ಟಿಯಲ್ಲಿ ಇರುತ್ತದೋ ನೋಡಿ.

ಇಲ್ಲಿಯ ಸೀಟು ಕೈಗೆಟುಕದೆ ಹೋದವರೂ ಇದ್ದಾರೆ. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ತಿನ್ನಲು ತರಲೆಂದು ಹೊರಗೆ ಹೋಗಿದ್ದ. ಪಿಯುಸಿಯಲ್ಲಿ ಶೇ. 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಅವನ ತಂದೆ ಹೇಳಿದ್ದನ್ನು ನಾಡೆಲ್ಲ ಕೇಳಿತು. ಮೂರು ವಾರದ ಮೇಲೆ ಊರಿಗೆ ಬಂದ ಮಗನ ದೇಹವನ್ನು ಆ ತಂದೆ-ತಾಯಿ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಡಾಕ್ಟರಾಗಲು ಹೋದ ಮಗ ಬೇರೆಯವರ ಮಕ್ಕಳ ಓದಿಗೆ ಪಾಠವಾದ. ಇದಕ್ಕಿಂತ ದೊಡ್ಡ ದತ್ತಿ ನನಗೆ ಗೊತ್ತಿಲ್ಲ.

ಬೀಜ

ದುಡಿಯುತ್ತ ಓದುವುದು ನಮ್ಮ ಸೀಮೆಗೆ ಅವಮಾನದ ಮಾತಲ್ಲ. ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ‘ಕಮವಾ ಆಣಿ ಶಿಕಾ’, ದುಡಿ ಮತ್ತು ಕಲಿ, ಎಂಬುದನ್ನೇ ಪದ್ಧತಿ ಮಾಡಿದರು. ಬೋರ್ಡಿಂಗಿನ ಮಕ್ಕಳು ಹೊಲದಲ್ಲಿ ದುಡಿದು ಓದಿದರು. ಪಾತ್ರೆ ತೊಳೆದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಓದಿಗಾಗಿ ದುಡಿಮೆ ಇರಬೇಕು, ಸಾಲಕ್ಕಾಗಿ ಓದು ಇರಬಾರದು.

ಉಚಲವನ್ನು ಮುರಿಯುವುದು ದತ್ತಿಯೇ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. ಅವರ ಹೆಸರಿನಲ್ಲಿ 1933ರಲ್ಲಿ ಬೆಳಗಾವಿಯ ಕಾಲೇಜು ಬಂತು. ರಾಮಾನುಜನ್ ಪಾಠ ಹೇಳಿದ್ದು ಅದೇ ಕಾಲೇಜಿನಲ್ಲಿ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಆಗಿ ಬಂದು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಧಾರವಾಡದ ಗುಡ್ಡದ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದರು. ಈಗ ಅವರ ಹೆಸರಿನ ಫೆಲೋಶಿಪ್ಪಿನ ಮೇಲೆ ಇಲ್ಲಿಯ ವಿದ್ವಾಂಸರು ಅದೇ ಸಿಡ್ನಿ ಸಸೆಕ್ಸ್‌ಗೆ ಹೋಗಿಬರುತ್ತಾರೆ. ಹೋದವನೊಬ್ಬ, ಅವನು ಸವೆಸಿದ ಹಾದಿಯಲ್ಲಿ ಹಲವರು.

ಸರ್ಕಾರದ ದುಡ್ಡೂ ಇದೆ. ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ, ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ, ಜರ್ಮನಿಗೆ ಡಿ.ಎ.ಎ.ಡಿ., ಬ್ರಿಟನ್ನಿಗೆ ಚೀವ್ನಿಂಗ್. ಚೀವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಬರೋಡಾದ ಕರಾರಿನ ಮೊಮ್ಮಗಳು ಎನ್ನಿ. ಈ ಹೆಸರುಗಳನ್ನು ಏಜೆಂಟರು ಮೊದಲು ಹೇಳುವುದಿಲ್ಲ, ಅವುಗಳಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ.

ಇನ್ನು ಈ ಊರಿನ ಮಾತು. ಹನ್ನೊಂದು ಲಕ್ಷ, ಇಪ್ಪತ್ತು ಲಕ್ಷ ಕೊಡುವ ಶಕ್ತಿ ನಮ್ಮ ದತ್ತಿಗಿಲ್ಲ, ಬೇಕಾಗಿಯೂ ಇಲ್ಲ. ನಾನು ಹೋಗುವಾಗ ಎಲ್ಲಿ ಎಡವಿದೆ ಎಂದು ಪಟ್ಟಿ ಮಾಡಿದೆ. ಇಂಗ್ಲಿಷ್ ಪರೀಕ್ಷೆಯ ಫೀ ಕಟ್ಟಲು ತಿಂಗಳು ತಡವಾಗಿ ವಿದ್ಯಾರ್ಥಿವೇತನದ ತಾರೀಖು ದಾಟಿತ್ತು. ಅರ್ಜಿ ಓದಿ ತಿದ್ದುವವರು ಯಾರೂ ಇರಲಿಲ್ಲ. ಅಲ್ಲಿ ಇಳಿದ ಮೊದಲ ಎರಡು ತಿಂಗಳ ಬಾಡಿಗೆಗೆ ದುಡ್ಡಿಲ್ಲದೆ ಸಿಕ್ಕ ಮೊದಲ ಕೆಲಸಕ್ಕೆ ಸೇರಿ, ಪಗಾರ ಮುಳುಗಿಸುವವನ ಕೈಗೆ ಸಿಕ್ಕಿದ್ದೆ. ಮೂರೂ ಸಣ್ಣವು. ಮೂರೂ ಹೊತ್ತು ತಪ್ಪಿದವು. ಅಪ್ಪನ ಮಾತಿನಲ್ಲಿ ಹೇಳುವುದಾದರೆ ಸುಳ್ಳು ಕಾಳು ಹುಟ್ಟಿದ್ದು ಅಲ್ಲಿ. ನಮ್ಮಲ್ಲಿ ಪಾಕಕ್ಕೆ ಕೊರತೆಯಿಲ್ಲ: ಹೊಲವಿದೆ, ಬಂಗಾರವಿದೆ, ಓದುವ ಮಕ್ಕಳಿದ್ದಾರೆ. ಒಂದು ಚರಿಗೆ ಬೀಜ ಬೇಕು.

ಆದ್ದರಿಂದ ನನ್ನ ಬೇಡಿಕೆ ಇದು. ದತ್ತಿಯ ಬಡ್ಡಿಯನ್ನು ಶಾಲಿಗೆ ಖರ್ಚು ಮಾಡಬೇಡಿ. ವರ್ಷಕ್ಕೆ ಒಂದು ಮಗುವಿಗೆ, ಪರೀಕ್ಷೆಯ ಫೀಯೋ ಎರಡು ತಿಂಗಳ ಬಾಡಿಗೆಯೋ, ಬಡ್ಡಿಯಿಲ್ಲದೆ ಕೊಡೋಣ. ಹೋದವರು ಅದನ್ನು ಮುಂದಿನ ಮಗುವಿಗೆ ತಿರುಗಿಸಬೇಕು. ತಿರುಗಿ ಬಂದೇ ತೀರಬೇಕೆಂಬ ಕರಾರು ಬೇಡ. ವರ್ಷಕ್ಕೆ ಎರಡು ಅರ್ಜಿ ಓದಿ ತಿದ್ದಿಕೊಡಬೇಕು ಎಂಬ ಕರಾರು ಇರಲಿ. ಮೊದಲ ವರ್ಷ ಅರ್ಜಿ ತಿದ್ದುವ ಕೆಲಸ ನನ್ನದು.

ಬಡ್ಡಿ ಸಾಲದು ಎಂದು ನನಗೂ ಗೊತ್ತು. ಹೋದ ವಾರ ಅಥಣಿಗೆ ಹೋಗಿ ಮಾಮಾನ ಮುಂದೆ ಈ ಮಾತು ತೆಗೆದೆ. ಅವರ ಮನೆಯ ಕಾಗದ ಬ್ಯಾಂಕಿನಿಂದ ಬಂದು ಹತ್ತು ವರ್ಷವಾಯಿತು. ಮಾಮಾ ಎಂದಿನಂತೆ ಏನೂ ಅನ್ನದೆ ಒಳಗೆ ಹೋದರು. ಮಾಮಿ ಹೊರಗೆ ಬಂದು, ಸೆರಗಿನ ಗಂಟು ಬಿಚ್ಚಿ ಐದು ಸಾವಿರ ನನ್ನ ಕೈಯಲ್ಲಿಟ್ಟರು. “ಈ ಸರ್ತಿ ಕಾಗದ ಕೊಡಂಗಿಲ್ಲವ್ವ. ರೊಕ್ಕ ತೊಗೊ” ಅಂದರು.

ಆ ಐದು ಸಾವಿರ ಇಲ್ಲಿದೆ. ರಸೀದಿ ಅವರ ಹೆಸರಿಗೇ ಹರಿಯಿರಿ.